ಎರಡನೇ ಸಲ ಬಂದವರು

ಸೆಪ್ಟೆಂಬರಿನ ಎರಡನೇ ಮಂಗಳವಾರ ಲಿಮೋಜ್‌ನಲ್ಲಿ
ವೈನ್ ಸಂತೆ ಶುರು. ಅಂಗಡಿಯವರು ಬೇಸಿಗೆಯ
ತೋಟದ ಕುರ್ಚಿ, ಛತ್ರಿಗಳನ್ನೆಲ್ಲ ಒಳಗೊಯ್ದು
ಆ ಜಾಗದಲ್ಲಿ ಹೊಸ ಋತುವಿನ ಪೆಟ್ಟಿಗೆ ಪೇರಿಸಿದ್ದಾರೆ,
ನನ್ನೆತ್ತರಕ್ಕೂ ಒಂದು ಗೇಣು ಮೇಲೆ.
ನಾವು ಹೋಗುವುದು ಗುರುವಾರ,
ನೂಕುನುಗ್ಗಲು ಹಿಂಗಿದ ಮೇಲೆ.

ಕ್ಯಾಟಲಾಗು ಹತ್ತು ದಿನ ಮುಂಚೆಯೇ ಬಂದಿದೆ, ಮೂವತ್ತಾರು ಪುಟ.
ಅಡುಗೆಮನೆ ಮೇಜಿನಲ್ಲಿ ಪೆನ್ಸಿಲ್ ಹಿಡಿದು
ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಗೆರೆ ಎಳೆದಿದ್ದೇನೆ.
ಎಲ್ಲದರಲ್ಲೂ ಅದೇ ಮಾತು:
"ಕೆಂಪು ಹಣ್ಣಿನ ಘಮ, ರೇಷ್ಮೆಯಂಥ ಕೊನೆ."
ಮೂರು ಯೂರೋದ್ದಕ್ಕೂ ರೇಷ್ಮೆ, ಮೂವತ್ತರದ್ದಕ್ಕೂ ರೇಷ್ಮೆ.
ಹುಳು ಎಷ್ಟು ನೂಲಬೇಕು, ಪಾಪ.

ನನ್ನ ಬಳಿ ಇರುವುದು ಅರವತ್ತು ಯೂರೋ
ಮತ್ತು ಈಸ್ಟರ್‌ವರೆಗಿನ ಭಾನುವಾರಗಳು.
ಹದಿನೈದಕ್ಕಿಂತ ಕಡಿಮೆಯದು ಸಲಾಡಿಗೆ,
ಅನ್ನುತ್ತಾನೆ ಅಳಿಯ ಗಾಯೆತಾನ್. ಅವನು ತರುವುದು ಹೂವು.

ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ
ತಟ್ಟೆ ಆರಿಸಿದವಳು ನಾನು.
ಉಗುರಲ್ಲಿ ಅಂಚು ತಟ್ಟಿದರೆ ಸಾಕು,
ಒಳಗಿನ ಬಿರುಕು ತಾನೇ ಬಾಯಿಬಿಡುತ್ತಿತ್ತು.
ಠಣ್ ಅಂದರೆ ಒಂದನೇ ದರ್ಜೆ, ಪ್ಯಾರಿಸ್ಸಿಗೆ;
ಠಕ್ ಅಂದರೆ ಒಡೆಯುವ ಬುಟ್ಟಿಗೆ.
ಠಣ್ ಅಂದೂ ಎಲ್ಲೋ ಸಾಸಿವೆಯಷ್ಟು ಮಚ್ಚೆಯಿದ್ದರೆ
ಎರಡನೇ ದರ್ಜೆ, ಅರ್ಧ ಬೆಲೆ, ನಮ್ಮಂಥವರ ಮನೆಗೆ.
ಇವತ್ತಿಗೂ ಅದರಲ್ಲೇ ಉಣ್ಣುತ್ತೇನೆ.
ಮಚ್ಚೆಯಿರುವುದು ಸೂಪಿಗೆ ಗೊತ್ತಿಲ್ಲ.

ಬಾಟಲಿ ತಟ್ಟಿದರೆ ಏನೂ ಹೇಳುವುದಿಲ್ಲ.

ಹಾಗಾಗಿ ನಾನೂ ಮಾರ್ಸೆಲಿನನೂ
(ಗೂಡ್ಸ್ ರೈಲು ಓಡಿಸಿದವನು, ಈಗ ಮೊಣಕಾಲು ನೀವಿಕೊಳ್ಳುವವನು)
ಹಳೆಯ ಉಪಾಯ ಹೂಡುತ್ತೇವೆ:
ಒಂದೊಂದೇ ಬಾಟಲಿ ಕೊಂಡು, ಪಾರ್ಕಿಂಗಿನಲ್ಲಿ
ಅವನ ಕಾರಿನ ಡಿಕ್ಕಿ ತೆರೆದು, ಸ್ಟೆಪ್ನಿ ಟೈರಿನ ಮೇಲೆ ಗ್ಲಾಸಿಟ್ಟು,
ಬಿರಡೆ ಕಿತ್ತು, ಮುಕ್ಕಳಿಸಿ, ಉಗುಳಿ,
ಒಪ್ಪಿದರೆ ಮಾತ್ರ ಮರಳಿ ಒಳಗೋಡಿ ಇನ್ನಷ್ಟು.

ಮೊದಲನೆಯದಕ್ಕೆ ಕೊರಳಲ್ಲಿ ಚಿನ್ನದ ಪದಕ,
ಲೇಬಲ್ಲಿನಲ್ಲಿ ಗೋಪುರ, ಗೋಪುರಕ್ಕೆ ಬಾವುಟ. ಒಂಬತ್ತು ಯೂರೋ.
ಹೆಸರು ಕ್ಷೀರಸಾಗರ, ಬಾಯಲ್ಲಿ ನೀರುಮಜ್ಜಿಗೆ.
ಎರಡನೆಯದು ನಾಲಿಗೆಗೆ ಕಂಬಳಿ ಹೊದಿಸಿದಂಥ ಒಗರು.
"ಐದು ವರ್ಷ ಇಡಬೇಕು" ಅಂದ ಮಾರ್ಸೆಲಿನ್.
"ಇಡೋಣ, ನಮ್ಮನ್ನು ಯಾರು ಇಡುತ್ತಾರೆ?" ಅಂದೆ.
ಮೂರನೆಯದಕ್ಕೆ ಜಗಳವಾಯಿತು.
ಅಷ್ಟರಲ್ಲಿ ಹನಿ ಬಿತ್ತು. ಜಗಳ ನಿಲ್ಲಲಿಲ್ಲ.

ಟ್ರಾಲಿಗಳ ಸರ ತಳ್ಳಿಕೊಂಡು ಬಂದವನು ಸ್ಲಿಮಾನ್,
ಒಳಗೆ ಪೆಟ್ಟಿಗೆ ಪೇರಿಸುವವನು, ಸೊಂಟಕ್ಕೆ ಅಗಲ ಬೆಲ್ಟು.
"ನೀನಾಗಿದ್ದರೆ ಯಾವುದು ಕೊಳ್ಳುತ್ತಿದ್ದೆ?"
"ನಾನು ಕುಡಿಯುವುದಿಲ್ಲ ಮೇಡಂ. ಒಂದು ತೊಟ್ಟೂ."
ಹೊರಟವನು ನಿಂತ.
"ಆದರೆ ಎತ್ತುತ್ತೇನಲ್ಲ.
ಪದಕದ್ದನ್ನು ಜನ ಒಂದು ಸಲ ಒಯ್ಯುತ್ತಾರೆ.
ಗೋಡೆ ಪಕ್ಕ, ತೀರ ಕೆಳಗೆ, ಬಿಳಿ ಚೀಟಿಯದೊಂದಿದೆ,
ನಾಲ್ಕು ಯೂರೋ ಇಪ್ಪತ್ತು. ಬೆಳಿಗ್ಗೆ ಒಯ್ದವರೇ
ಸಂಜೆ ಮತ್ತೆ ಬರುತ್ತಾರೆ, ಯಾರಿಗೂ ಹೇಳದೆ.
ಮೊನ್ನೆಯಿಂದ ಆ ಜಾಗ ಮೂರು ಸಲ ತುಂಬಿದೆ.
ನನ್ನ ಬೆನ್ನಿಗೆ ಗೊತ್ತು."

ಬೆರ್ಜೆರಾಕ್ ಕಡೆಯದು. ಹಿಂಬದಿಯಲ್ಲಿ ಎರಡೇ ಸಾಲು,
ರೇಷ್ಮೆಯ ಸುದ್ದಿಯೇ ಇಲ್ಲ.
ಮಾರ್ಸೆಲಿನ್ ಉಗುಳುವುದನ್ನು ಮರೆತ.
ನಾನು ಗ್ಲಾಸಿನ ಅಂಚು ತಟ್ಟಿದೆ, ಉಗುರಿನ ಚಟ.
ಹುಳಿ ಒಂದಿಷ್ಟು ಹೆಚ್ಚೇ.
ಸಾಸಿವೆಯಷ್ಟು.

ಭಾನುವಾರ ಗಾಯೆತಾನನಿಗೆ ಹೂಜಿಯಲ್ಲಿ ಸುರಿದುಕೊಡುತ್ತೇನೆ,
ಬೆಲೆ ಕೇಳಿದರೆ ಕಿವಿ ಮಂದ.

ಮರಳಿ ಹೋದಾಗ ಉಳಿದದ್ದು ಹನ್ನೊಂದು ಬಾಟಲಿ.
ಆರು ಯಾರಿಗೆ, ಐದು ಯಾರಿಗೆ ಎಂದು
ನಾವು ಮತ್ತೆ ಶುರುಮಾಡಿದ್ದೆವು;
ಒಂದು ಕೈ ಬೆನ್ನ ಮೇಲಿಟ್ಟುಕೊಂಡು
ಗೋದಾಮಿನ ಬಾಗಿಲಿಂದ ಬಂದ ಸ್ಲಿಮಾನ್
ಇನ್ನೊಂದು ಕೈಯ ನಾಲ್ಕು ಬೆರಳು ಎತ್ತಿ ತೋರಿಸಿದ.